ಕೌಂಟಿ ಜಾತ್ರೆಯಲ್ಲಿ ಮನೆಯ ಕೈಗೆಲಸ

ಜಾತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತೇರು, ಬೆಂಡು-ಬತ್ತಾಸು, ಬಳೆಗಾರರ ಸಾಲು, ಧೂಳು. ಅಮೆರಿಕದ ಹಳ್ಳಿಗಾಡಿನಲ್ಲಿಯೂ ಒಂದು ಬಗೆಯ ಜಾತ್ರೆ ಉಂಟು. ಕೌಂಟಿ ಫೇರ್ ಎಂದು ಅದರ ಹೆಸರು. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ತಾಲ್ಲೂಕಿನಂತೆ ಎಂದು ತಿಳಿದುಕೊಂಡರೆ ಸಾಕು. ಅಲ್ಲಿ ತೇರಿಲ್ಲ, ದೇವರಿಲ್ಲ. ದನಕರುಗಳ ಪ್ರದರ್ಶನ ಉಂಟು, ತಿರುಗುವ ತೊಟ್ಟಿಲು ಉಂಟು. ಇವುಗಳ ನಡುವೆ ತಗಡಿನ ಸೂರಿನ ಒಂದು ದೊಡ್ಡ ಕಟ್ಟಡ. ಅದರೊಳಗೆ ಉದ್ದುದ್ದ ಮೇಜುಗಳು. ಆ ಮೇಜುಗಳ ಮೇಲೆ ಊರಿನವರು ತಮ್ಮ ಹಿತ್ತಲಲ್ಲಿ ಬೆಳೆದ ಸೌತೆ, ಗಜ್ಜರಿ, ಈರುಳ್ಳಿ, ತಾವೇ ಹಾಕಿದ ಉಪ್ಪಿನಕಾಯಿ, ಬೇಯಿಸಿದ ರೊಟ್ಟಿ, ಹೊಲಿದ ಕೌದಿ, ಹೆಣೆದ ಕಾಲುಚೀಲ, ಎಲ್ಲವನ್ನೂ ತಂದು ಇಡುತ್ತಾರೆ. ತೀರ್ಪುಗಾರರು ಬಂದು ಒಂದೊಂದನ್ನೂ ಪರೀಕ್ಷಿಸಿ ಬಣ್ಣದ ಪಟ್ಟಿಯನ್ನು ಅಂಟಿಸಿ ಹೋಗುತ್ತಾರೆ.

2018ರಲ್ಲಿ ನನ್ನ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಅವಳಿರುವುದು ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಆ ರಾಜ್ಯದಲ್ಲಿ 99 ಕೌಂಟಿಗಳಿವೆ. ಜೋಳ, ಸೋಯಾ, ಹಂದಿ ಸಾಕಣೆ ಇವೇ ಅಲ್ಲಿನ ಬಾಳು. ನೆಲ ಕಪ್ಪು. ಧಾರವಾಡದ ಎರೆಮಣ್ಣನ್ನು ನೋಡಿ ಬೆಳೆದ ನನಗೆ ಅದನ್ನು ಕಂಡು ಸಂತೋಷವಾಯಿತು. ಆದರೆ ಮುಟ್ಟಿದರೆ ಬೇರೆ: ನಮ್ಮ ಎರೆಯಂತೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವುದಿಲ್ಲ, ಮೆತ್ತಗೆ ಪುಡಿಯಾಗುತ್ತದೆ. ಮೇ ತಿಂಗಳವರೆಗೂ ಹಿಮದ ಭಯ ಇರುವುದರಿಂದ ಮೆಣಸಿನ ಸಸಿಗಳನ್ನು ಅಂಗಡಿಯಿಂದ ತಂದು ಆಮೇಲೆ ನೆಟ್ಟೆವು. ಜುಲೈ ಹೊತ್ತಿಗೆ ಹಸಿಮೆಣಸಿನಕಾಯಿ, ಬೀನ್ಸು, ಸೌತೆ ಕೈಗೆ ಬಂದವು. ಜಾತ್ರೆಯೂ ಜುಲೈನಲ್ಲಿಯೇ.

“ನೀನೂ ಏನಾದರೂ ಇಡು” ಎಂದು ಮಗಳು ಹೇಳಿದಾಗ ನನಗೆ ನಗು ಬಂತು. ನಾಚಿಕೆಯೂ ಆಯಿತೆನ್ನಿ. ಮನೆಯವರು ಉಂಡು ಬಳಸುವ ಸಾಮಾನನ್ನು ನಾಲ್ಕು ಜನರ ಮುಂದೆ ಇಟ್ಟು ‘ಹೇಗಿದೆ ಹೇಳಿ’ ಎಂದು ನಿಲ್ಲುವುದೆಂದರೆ ಏನು!

ಈ ನಾಚಿಕೆ ನನ್ನೊಬ್ಬಳದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಆ ದೇಶದ ಈ ಜಾತ್ರೆಗಳಿಗೆ ಮೂಲಪುರುಷನೆಂದು ಎಲ್ಕನಾ ವಾಟ್ಸನ್ ಎಂಬಾತನನ್ನು ಹೇಳುತ್ತಾರೆ. 1807ರಲ್ಲಿ ಆತ ಮೆಸಾಚುಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಎಂಬ ಊರ ಬಯಲಿನಲ್ಲಿ ತನ್ನ ಎರಡು ಮೆರಿನೊ ಕುರಿಗಳನ್ನು ನಿಲ್ಲಿಸಿದ. ನೋಡಲು ಜನ ಸೇರಿದರು. ಎರಡು ಕುರಿಗೇ ಇಷ್ಟು ಜನ ಬಂದರೆ ಎಲ್ಲರ ದನಕರುಗಳನ್ನೂ ಕೂಡಿಸಿದರೆ ಹೇಗೆಂದು ಯೋಚಿಸಿದ. 1811ರಿಂದ ಅಲ್ಲಿ ಬರ್ಕ್‌ಷೈರ್ ಕೃಷಿ ಸಂಘದ ಪ್ರದರ್ಶನ ನಡೆಯತೊಡಗಿತು. ಸ್ವಲ್ಪ ಕಾಲದಲ್ಲೇ ಹೆಂಗಸರು ಮನೆಯಲ್ಲಿ ನೂತು ನೆಯ್ದ ಬಟ್ಟೆಗೂ ಬಹುಮಾನ ಸಾರಿದರು. ಬಟ್ಟೆಯೇನೋ ಸಭಾಂಗಣದ ತುಂಬ ಬಂತು, ಆದರೆ ನೆಯ್ದವರೊಬ್ಬರೂ ಬರಲಿಲ್ಲ. ಜನ ನಕ್ಕಾರೆಂಬ ಅಂಜಿಕೆ. ಆಗ ವಾಟ್ಸನ್ ತನ್ನ ಹೆಂಡತಿಗೆ ಹೇಳಿಕಳುಹಿಸಿ ಆಕೆಯನ್ನು ಕರೆಸಿಕೊಂಡನಂತೆ. ಆಕೆ ಒಳಗೆ ಬಂದದ್ದೇ ತಡ, ಅಕ್ಕಪಕ್ಕದ ಮನೆಗಳಲ್ಲಿ ಮರೆಯಾಗಿ ನೋಡುತ್ತಿದ್ದ ರೈತರ ಹೆಂಡಿರು ಮಕ್ಕಳೆಲ್ಲ ಹಿಂದೆಯೇ ಬಂದು ಸಭೆಯನ್ನು ತುಂಬಿದರು. ಮೊದಲು ಒಬ್ಬಾಕೆ ಹೊಸ್ತಿಲು ದಾಟಬೇಕು, ಅಷ್ಟೆ. ನನಗೆ ಆ ಕೆಲಸವನ್ನು ಮಾಡಿಕೊಟ್ಟವನು ಹತ್ತು ವರ್ಷದ ಮೊಮ್ಮಗ. ತಾನು ಬೀನ್ಸು ಇಡುವುದಾಗಿ ಮೊದಲೇ ಹೆಸರು ಬರೆಯಿಸಿದ್ದ.

ನಾನು ಮೂರು ಸಾಮಾನು ಆರಿಸಿದೆ. ನನಗೆ ಪೂರ್ಣ ನಂಬಿಕೆ ಇದ್ದದ್ದು ಬೆಳ್ಳುಳ್ಳಿ ಉಪ್ಪಿನಕಾಯಿಯ ಮೇಲೆ. ಎಸಳು ಸುಲಿದು, ಲಿಂಬೆರಸ ಹಿಂಡಿ, ಖಾರ, ಮೆಂತ್ಯ ಹಾಕಿ, ಮೇಲೆ ಬೆರಳುದ್ದ ಶೇಂಗಾ ಎಣ್ಣೆ ನಿಲ್ಲಿಸಿದ್ದೆ. ಎರಡನೆಯದು ಐದು ಹಸಿಮೆಣಸಿನಕಾಯಿ. ಮೂರನೆಯದು, ಸುಮ್ಮನೆ ಇರಲೆಂದು, ಮಗಳ ಊಟದ ಮೇಜಿಗಾಗಿ ಹಾಕುತ್ತಿದ್ದ ಕಸೂತಿಯ ಹಾಸು. ಅದರ ನಡುವೆ ಒಂದು ತೇರು ತೆಗೆದಿದ್ದೆ.

ಸಾಮಾನು ಒಪ್ಪಿಸುವ ದಿನ ಬೆಳಿಗ್ಗೆ ಸಾಲಿನಲ್ಲಿ ನಿಂತೆವು. ಮೇಜಿನ ಹಿಂದೆ ಕುಳಿತಿದ್ದ ಹೆಣ್ಣುಮಗಳು ಉಪ್ಪಿನಕಾಯಿಯ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಪಾಕವಿಧಾನ ಎಲ್ಲಿ, ಯಾವ ಪುಸ್ತಕದ್ದು, ಎಷ್ಟು ನಿಮಿಷ ಕುದಿಸಿದ್ದೀರಿ ಎಂದು ಕೇಳಿದಳು. ಕುದಿಸುವುದೆ! ಉಪ್ಪಿನಕಾಯಿಯನ್ನು ಯಾರು ಕುದಿಸುತ್ತಾರೆ? ಬಹಳ ವಿನಯದಿಂದಲೇ ಸೀಸೆಯನ್ನು ನನ್ನ ಕೈಗೆ ಹಿಂತಿರುಗಿಸಿದಳು. ಮೂವತ್ತೈದು ವರ್ಷ ಹಾಕಿದ ಉಪ್ಪಿನಕಾಯಿ. ಬೀಗರು, ನೆಂಟರು, ಹಾಸ್ಟೆಲಿನ ಹುಡುಗರು ಜಾಡಿಗಟ್ಟಲೆ ಒಯ್ದದ್ದು. ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಮಗಳು ಮೆಲ್ಲಗೆ, “ಯವ್ವಾ, ಅವರು ಹೇಳೂದ್ರಾಗ ತಪ್ಪಿಲ್ಲ. ಪುಸ್ತಕದಾಗ ಬರ್ದಾರ, ನಾವು ಓದಿಲ್ಲ” ಎಂದಳು.

ಪುಸ್ತಕವೆಂದರೆ ಪ್ರದರ್ಶನದ ನಿಯಮಾವಳಿ. ಯಾವ ವರ್ಗಕ್ಕೆ ಎಷ್ಟು ಕಾಯಿ, ಎಂಥ ಸೀಸೆ, ಯಾವ ತಟ್ಟೆ ಎಲ್ಲವೂ ಅದರಲ್ಲಿ ಉಂಟು. ಅಂದು ರಾತ್ರಿ ಸಿಟ್ಟಿನಿಂದಲೇ ಓದಲು ಕುಳಿತೆ, ಓದಿದ ಮೇಲೆ ಸಿಟ್ಟು ಇಳಿಯಿತು. ಬೆಳ್ಳುಳ್ಳಿ ನೆಲದೊಳಗೆ ಬೆಳೆಯುವ ವಸ್ತು. ಮಣ್ಣಿನಲ್ಲಿ ಬಾಟುಲಿಸಂ ಎಂಬ ಬೇನೆಯನ್ನು ತರುವ ಒಂದು ಸೂಕ್ಷ್ಮಾಣು ಬೀಜರೂಪದಲ್ಲಿ ಇರುತ್ತದೆ. ಗಾಳಿಯಿಲ್ಲದ ಕಡೆ ಅದಕ್ಕೆ ಸುಗ್ಗಿ. ಎಣ್ಣೆಯ ಕೆಳಗೆ ಗಾಳಿ ಇರುವುದಿಲ್ಲ. ಅದು ಉಂಟುಮಾಡುವ ವಿಷಕ್ಕೆ ಬಣ್ಣವಿಲ್ಲ, ಸಾಮಾನ್ಯವಾಗಿ ವಾಸನೆಯೂ ತಿಳಿಯದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಜನ ಈ ಬೇನೆಗೆ ಸಿಕ್ಕಿದರು. ಸಾಕಷ್ಟು ಹುಳಿ ಇದ್ದರೆ ಆ ಸೂಕ್ಷ್ಮಾಣು ಬೆಳೆಯದು. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ಅದು 4.6 ಅಥವಾ ಅದಕ್ಕಿಂತ ಕೆಳಗೆ ಇರಬೇಕೆಂದು ಅಲ್ಲಿಯವರ ಲೆಕ್ಕ. ನಾನು ಹಿಂಡಿದ ಲಿಂಬೆ ಎಷ್ಟು? ಕಣ್ಣಂದಾಜು. ನನ್ನ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲವೆಂಬುದು ನಿಜ, ಆದರೆ ಅದೇ ಪುರಾವೆಯೆಂದು ಪರರ ಮೇಜಿನ ಮೇಲೆ ಇಡಲಾದೀತೆ? ಅಲ್ಲಿ ಹಲವು ಕೌಂಟಿಗಳಲ್ಲಿ ತೀರ್ಪುಗಾರರು ಸೀಸೆಯನ್ನು ತೆರೆದು ರುಚಿಯನ್ನೇ ನೋಡುವುದಿಲ್ಲ. ಬಣ್ಣ, ಮುಚ್ಚಳದ ಬಿಗಿ, ಮೇಲೆ ಬಿಟ್ಟ ಖಾಲಿ ಜಾಗ ಇಷ್ಟನ್ನೇ ನೋಡುತ್ತಾರೆ. ರುಚಿ ನೋಡದೆ ಉಪ್ಪಿನಕಾಯಿಗೆ ಬಹುಮಾನ ಕೊಡುವುದು ನನ್ನ ಬುದ್ಧಿಗೆ ಈಗಲೂ ಒಗ್ಗಿಲ್ಲ, ಆ ಮಾತು ಬೇರೆ.

ಮರುದಿನ ತೀರ್ಪು. ಸದ್ದು ಮಾಡದೆ ಕುಳಿತು ನೋಡಲು ನಮಗೂ ಅವಕಾಶವಿತ್ತು. ಇಟ್ಟವರ ಹೆಸರು ಇರುವ ಚೀಟಿಯ ಭಾಗವನ್ನು ಮಡಿಚಿಟ್ಟಿರುತ್ತಾರೆ. ತೀರ್ಪುಗಾರರು ಬೇರೆ ಕೌಂಟಿಯಿಂದ ಬಂದವರು. ಗೌಡರ ಸೊಸೆ, ಡಾಕ್ಟರ ಹೆಂಡತಿ ಎಂಬ ಲೆಕ್ಕಕ್ಕೆ ಎಡೆಯೇ ಇಲ್ಲ.

ತರಕಾರಿಯ ಮೇಜಿನಲ್ಲಿ ನಾನು ಕಲಿತದ್ದು ಬಹಳ. ದೊಡ್ಡದಿದ್ದರೆ ಬಹುಮಾನ ಎಂದು ನಾವು ತಿಳಿಯುತ್ತೇವೆ. ಅತಿ ದೊಡ್ಡ ಕುಂಬಳಕ್ಕೆ ಬೇರೆಯೇ ಪಂದ್ಯ. ತಟ್ಟೆಯ ಪಂದ್ಯದಲ್ಲಿ ನೋಡುವುದು ಸಮಾನತೆ: ಐದು ಕಾಯಿಯೂ ಒಂದೇ ಉದ್ದ, ಒಂದೇ ದಪ್ಪ, ಒಂದೇ ಬಣ್ಣ, ಒಂದೇ ತಳಿಯ ಲಕ್ಷಣ ಇರಬೇಕು. ನಾಲ್ಕು ಚೆನ್ನಾಗಿದ್ದು ಒಂದು ಆನೆಯಂತಿದ್ದರೆ ತಟ್ಟೆಯೇ ಕೆಟ್ಟಿತು. ಸೌತೆ ಎಳೆಯದಿರಬೇಕು, ಹಳದಿ ತಿರುಗಿರಬಾರದು. ಗಜ್ಜರಿಗೆ ಅಂಗುಲದಷ್ಟು ಕಾಂಡ ಬಿಡಬೇಕು. ಆಲೂಗಡ್ಡೆಯನ್ನು ಉಜ್ಜಿ ತೊಳೆದರೆ ಸಿಪ್ಪೆ ಗಾಯವಾಗುತ್ತದೆ. ಮಣ್ಣು ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಸವರಬೇಕು. ಈರುಳ್ಳಿಯನ್ನು ಹೊಳೆಯಲೆಂದು ಪದರ ಪದರ ಸುಲಿಯಬಾರದು. ನನ್ನ ಮೆಣಸಿನಕಾಯಿಗೆ ಮೂರನೆಯ ಸ್ಥಾನ, ಬಿಳಿಯ ಪಟ್ಟಿ ಬಂತು. ಒಂದು ಕಾಯಿಯ ತೊಟ್ಟು ಒಣಗಿತ್ತು. ಅದನ್ನು ನಾನು ನೋಡಿದ್ದೆ. ಯಾರು ನೋಡುತ್ತಾರೆಂದು ಬಿಟ್ಟಿದ್ದೆ.

ಮಕ್ಕಳ ವಿಭಾಗ ಬೇರೆ. ಅದನ್ನು ‘ಫೋರ್-ಎಚ್’ ಎನ್ನುತ್ತಾರೆ. ತಲೆ, ಹೃದಯ, ಕೈ, ಆರೋಗ್ಯ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ನಾಲ್ಕು ಮಾತುಗಳ ಮೊದಲಕ್ಷರ ಅದು. 1902ರಲ್ಲಿ ಒಹಾಯೊ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಕಟ್ಟಿದ ಮಕ್ಕಳ ಕೂಟದಿಂದ ಇದು ಬೆಳೆಯಿತೆನ್ನುತ್ತಾರೆ. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಏಕನ್ ಎಂಬಲ್ಲಿ ಮೇರಿ ಕ್ರೋಮರ್ ಎಂಬ ಉಪಾಧ್ಯಾಯಿನಿ ಹೆಣ್ಣುಮಕ್ಕಳಿಗಾಗಿ ಟೊಮೆಟೊ ಕೂಟವನ್ನು ಹೂಡಿದಳು. ಒಬ್ಬೊಬ್ಬಳಿಗೆ ಎಕರೆಯ ಹತ್ತನೆಯ ಒಂದು ಪಾಲು ನೆಲ. ಬೆಳೆದು, ಡಬ್ಬಿಗೆ ತುಂಬಿ, ಮಾರಿ, ಲೆಕ್ಕ ಬರೆಯುವುದೂ ಅವರದೇ ಕೆಲಸ. ಅಪ್ಪನನ್ನು ಕೇಳದೆ ಕೈಯಲ್ಲಿ ನಾಲ್ಕು ಕಾಸು ಇರುವುದೆಂದರೆ ಆ ಕಾಲದ ಹಳ್ಳಿಯ ಹುಡುಗಿಗೆ ಸಣ್ಣ ಮಾತೆ? ನಮ್ಮಲ್ಲಿ ಈಗ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ರೊಟ್ಟಿ, ಚಟ್ನಿಪುಡಿ ಮಾರುವುದನ್ನು ನೋಡಿದಾಗ ನನಗೆ ಆ ಟೊಮೆಟೊ ಹುಡುಗಿಯರ ನೆನಪಾಗುತ್ತದೆ.

ಈ ಮಕ್ಕಳ ವಿಭಾಗದಲ್ಲಿ ಒಬ್ಬರನ್ನು ಇನ್ನೊಬ್ಬರೊಡನೆ ತೂಗುವುದಿಲ್ಲ. ಒಂದು ಗೊತ್ತಾದ ಮಟ್ಟ ಉಂಟು. ಆ ಮಟ್ಟ ಮುಟ್ಟಿದವರಿಗೆಲ್ಲ ನೀಲಿ ಪಟ್ಟಿ. ಹತ್ತು ಜನ ಮುಟ್ಟಿದರೆ ಹತ್ತು ನೀಲಿ. ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ: ಏನು ಮಾಡಿದೆ, ಏನು ತಪ್ಪಿತು, ಮುಂದೆ ಏನು ಮಾಡುವೆ? ಮೊಮ್ಮಗನ ಬೀನ್ಸು ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. “ಇವನ್ನು ಹೇಗೆ ಆರಿಸಿದೆ?” ಎಂದು ಆಕೆ ಕೇಳಿದಳು. ಅವನು ತುಸು ಸುಮ್ಮನಿದ್ದು, “ಆರಿಸಿದ್ದು ನಮ್ಮ ಅಜ್ಜಿ” ಎಂದುಬಿಟ್ಟ. ಹೌದು, ಮುಂಜಾನೆ ಅವನು ಹಲ್ಲುಜ್ಜುವಷ್ಟರಲ್ಲಿ ನಾನೇ ಅವನ ತಟ್ಟೆಯ ಕಾಯಿಗಳನ್ನು ತೆಗೆದು ಬೇರೆ ಇಟ್ಟಿದ್ದೆ. ಅವನಿಗೆ ಕೆಂಪು ಪಟ್ಟಿ ಸಿಕ್ಕಿತು. ನಿಜ ಹೇಳಿದ್ದಕ್ಕೆ ಮೆಚ್ಚುಗೆ, ಮುಂದಿನ ವರ್ಷ ನೀನೇ ಆರಿಸು ಎಂದು ಬರೆದುಕೊಟ್ಟರು. ಮನೆಗೆ ಬರುವವರೆಗೂ ನಾನು ಅವನ ಮುಖ ನೋಡಲಿಲ್ಲ. ಮಕ್ಕಳ ಚಿತ್ರಕ್ಕೆ ಬಣ್ಣ ತುಂಬಿಕೊಟ್ಟು, ಅವರ ಪ್ರಬಂಧ ಬರೆದುಕೊಟ್ಟು ಸ್ಪರ್ಧೆಗೆ ಕಳಿಸುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ! ನಾನೂ ಅದೇ ಜಾತಿ.

ಇನ್ನು ಕಸೂತಿ. ನಮ್ಮ ಧಾರವಾಡದ ಕಸೂತಿಗೆ ಅಚ್ಚು ಹಾಕುವುದಿಲ್ಲ, ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಯನ್ನು ಎಣಿಸಿ ಸೂಜಿ ಇಡುವುದು. ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿ ಎಂಬ ಎರಡು ಹೊಲಿಗೆಗಳಲ್ಲಿ ಹೋದ ದಾರಿಯಲ್ಲೇ ಹಿಂತಿರುಗಿ ಬಂದು ಬಿಟ್ಟ ಜಾಗವನ್ನು ತುಂಬುವುದರಿಂದ ಮುಂದೂ ಹಿಂದೂ ಒಂದೇ ಆಗುತ್ತದೆ. ನೇಯ್ಗಿ, ಮೆಂತಿ ಹೊಲಿಗೆಗಳು ಹಾಗಲ್ಲ. ನಾನು ಗಾವಂತಿಯಲ್ಲಿಯೇ ತೇರನ್ನು ತೆಗೆದಿದ್ದೆ.

ತೀರ್ಪು ಕೊಡುವಾಕೆ ನನ್ನ ವಯಸ್ಸಿನವಳೇ. ಪ್ರತಿಯೊಂದು ಬಟ್ಟೆಯನ್ನೂ ಎತ್ತಿ ಮೊದಲು ನೋಡಿದ್ದು ಬೆನ್ನನ್ನು. ಎಷ್ಟೋ ಚೆಂದದ ಹೂಗಳ ಬೆನ್ನಿನಲ್ಲಿ ಗಂಟುಗಳ ಕಾಡು. ನನ್ನದನ್ನು ತಿರುಗಿಸಿದಳು. ಮತ್ತೆ ತಿರುಗಿಸಿದಳು. ಯಾವ ಕಡೆ ಮುಂದು ಎಂದು ಪಕ್ಕದ ಗುಮಾಸ್ತೆಯನ್ನು ಕೇಳಿದಳು. ನನಗೆ ಆಗಲೇ ಬಹುಮಾನ ಬಂದಂತಾಯಿತು.

ಆದರೆ ಮೊದಲ ಸ್ಥಾನ ಬರಲಿಲ್ಲ. ಕೆಂಪು ಪಟ್ಟಿ ಅಂಟಿಸಿದ್ದನ್ನು ಕಂಡು, ಕೆಂಪು ಶುಭದ ಬಣ್ಣವಲ್ಲವೆ, ಗೆದ್ದೆ ಎಂದು ಹಿಗ್ಗಿದೆ. ಅಮೆರಿಕದಲ್ಲಿ ಮೊದಲನೆಯದು ನೀಲಿ, ಎರಡನೆಯದು ಕೆಂಪು ಎಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಬ್ರಿಟನ್ನಿನಲ್ಲಿಯೂ ಕೆನಡಾದಲ್ಲಿಯೂ ಕೆಂಪೇ ಮೊದಲನೆಯದಂತೆ. ಗಡಿ ದಾಟಿದ್ದರೆ ಗೆಲ್ಲುತ್ತಿದ್ದೆ! ಪಟ್ಟಿಯ ಜೊತೆಗೆ ಎರಡು ಡಾಲರ್ ಹಣ, ಒಂದು ಚೀಟಿ. ಚೀಟಿಯಲ್ಲಿ ಬರೆದಿತ್ತು: ಹೊಲಿಗೆ ಅತ್ಯುತ್ತಮ, ಎರಡೂ ಕಡೆ ಸಮ, ಅಂಚನ್ನು ಯಂತ್ರದಲ್ಲಿ ಮಡಿಚಿ ಹೊಲಿದದ್ದು ಈ ಕೆಲಸಕ್ಕೆ ತಕ್ಕದ್ದಲ್ಲ, ಮೂಲೆಗಳು ದಪ್ಪವಾಗಿವೆ. ಅದು ನಿಜ. ಅವಸರದಲ್ಲಿ ಮಗಳ ಯಂತ್ರದ ಮೇಲೆ ಅಂಚು ಓಡಿಸಿದ್ದೆ.

ಐವತ್ತು ವರ್ಷದಿಂದ ಸೂಜಿ ಹಿಡಿದಿದ್ದೇನೆ. ‘ಚೆಂದ ಆಗಿದೆ’ ಎಂದವರು ನೂರಾರು ಮಂದಿ. ‘ಮೂಲೆ ದಪ್ಪವಾಗಿದೆ’ ಎಂದವರು ಆಕೆಯೊಬ್ಬಳೇ. ನಮ್ಮಲ್ಲಿಯೂ ಪ್ರದರ್ಶನಗಳಿಗೆ ಕೊರತೆಯಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನ 1880ರಷ್ಟು ಹಳೆಯದು. ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ನಡೆಯುತ್ತದೆ. ಧಾರವಾಡದ ಕೃಷಿ ಮೇಳಕ್ಕೆ ಹಳ್ಳಿ ಹಳ್ಳಿಗಳಿಂದ ಜನ ಬರುತ್ತಾರೆ. ಊರೂರಿನ ಮಹಿಳಾ ಸಮಾಜಗಳ ಸ್ಪರ್ಧೆಗಳೂ ಉಂಟು. ನಾನೂ ಅಂಥ ಒಂದೆರಡು ಕಡೆ ತೀರ್ಪಿಗೆ ಕುಳಿತವಳೇ. ಒಂದು, ಎರಡು, ಮೂರು ಎಂದು ಬರೆದು ಚಹಾ ಕುಡಿದು ಬಂದಿದ್ದೇನೆ. ಉಳಿದ ಇಪ್ಪತ್ತು ಜನ ತಮ್ಮ ಸಾಮಾನನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲಿ ಕಡಿಮೆಯಾಯಿತೆಂದು ತಿಳಿಯದೆ ಮನೆಗೆ ಹೋಗಿದ್ದಾರೆ. ಒಂದು ಚೀಟಿ, ಎರಡು ಸಾಲು. ಅದಕ್ಕೆ ಹಣ ಬೇಕಿಲ್ಲ, ತೀರ್ಪುಗಾರರಿಗೆ ತುಸು ಬಿಡುವು ಬೇಕು, ಜೊತೆಗೆ ಬರೆದುಕೊಳ್ಳುವವರೊಬ್ಬರು ಬೇಕು. ಸ್ಪರ್ಧೆ ಏರ್ಪಡಿಸುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ ದಯವಿಟ್ಟು ಯೋಚಿಸಿ. ಇಡುವವರು ಕೇಳುತ್ತಿದ್ದರೆ, ನಿಯಮಾವಳಿಯನ್ನು ಹಿಂದಿನ ರಾತ್ರಿಯಲ್ಲ, ಬೀಜ ಹಾಕುವ ಮೊದಲೇ ಓದಿ.

ಹಿಂದಿರುಗಿ ಬಂದ ಉಪ್ಪಿನಕಾಯಿಯನ್ನು ನಾವು ಉಣ್ಣಲಿಲ್ಲ. ಓದಿದ ಮೇಲೆ ಮನಸ್ಸು ಬರಲಿಲ್ಲ, ಚೆಲ್ಲಿದೆ. ಆಮೇಲೆ ಹಾಕಿದ್ದನ್ನು ಸ್ವಲ್ಪ ಸ್ವಲ್ಪವೇ ಮಾಡಿ, ತಂಪು ಪೆಟ್ಟಿಗೆಯಲ್ಲಿಟ್ಟು, ನಾಲ್ಕು ದಿನದೊಳಗೆ ಮುಗಿಸುತ್ತಿದ್ದೆವು. ಕಸೂತಿಯ ಹಾಸು ಮಗಳ ಮೇಜಿನ ಮೇಲಿದೆ. ಹೊರಡುವ ಮುಂಚೆ ನಾಲ್ಕೂ ಅಂಚುಗಳನ್ನು ಬಿಚ್ಚಿ, ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಕೈಯಿಂದಲೇ ಮಡಿಚಿ ಹೊಲಿದು ಬಂದೆ. ಎರಡು ದಿನ ಹಿಡಿಯಿತು. ಚೀಟಿ ಮಾತ್ರ ನನ್ನ ದಾರದ ಡಬ್ಬಿಯಲ್ಲಿದೆ.