ಹಿತ್ತಲ ಗಿಡಕ್ಕೆ ಮದ್ದು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಹಿತ್ತಲ ಗಿಡವೇ ಕಾಯಿಲೆ ಬಿದ್ದರೆ ಅದಕ್ಕೆ ಮದ್ದೇನು? ಗಾದೆಯಲ್ಲಿ ಇದಕ್ಕೆ ಉತ್ತರವಿಲ್ಲ. ನನಗೆ ಉತ್ತರ ದೊರೆತದ್ದು ಒಂದು ಗಿಡವನ್ನು ಕಳೆದುಕೊಂಡ ಮೇಲೆ. ಆ ನಷ್ಟ ನಿಮಗೆ ಬಾರದಿರಲಿ ಎಂದು ಈ ನಾಲ್ಕು ಮಾತು.

ಮೊದಲು ಯಾವ ಗಿಡ ಎಂಬುದನ್ನು ಹೇಳುತ್ತೇನೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಉದಕಮಂಡಲಕ್ಕೆ ಹೋದವರು ಅಲ್ಲಿನ ಪೀಚ್ ಹಣ್ಣಿಗೆ ಮನಸೋಲುವುದುಂಟು. ನಮ್ಮ ನೆರೆಯವರೊಬ್ಬರು ಹಣ್ಣಿನ ಜೊತೆಗೆ ಸಸಿಯನ್ನೂ ತಂದು ನೆಟ್ಟರು. ಸಸಿ ಬೆಳೆಯಿತು, ಮೈತುಂಬ ಎಲೆ ಬಿಟ್ಟಿತು. ಐದು ವರ್ಷವಾದರೂ ಹಣ್ಣು ಮಾತ್ರ ಕಾಣಲಿಲ್ಲ. ತಪ್ಪು ಗಿಡದ್ದೂ ಅಲ್ಲ, ಅವರದೂ ಅಲ್ಲ. ಪೀಚ್ ಗಿಡಕ್ಕೆ ಚಳಿಗಾಲದಲ್ಲಿ ಎಲೆಯುದುರಿಸಿ, ವಾರಗಟ್ಟಲೆ ತಣ್ಣನೆಯ ಹವೆಯಲ್ಲಿ ನಿದ್ರಿಸುವ ಅಭ್ಯಾಸ. ಆ ನಿದ್ರೆ ತುಂಬದೆ ಅದು ಚೆನ್ನಾಗಿ ಹೂ ಬಿಡದು. ಉದಕಮಂಡಲ ಸಮುದ್ರಮಟ್ಟದಿಂದ ೨,೨೦೦ ಮೀಟರಿಗೂ ಮೇಲಿದೆ. ಗುಂಡ್ಲುಪೇಟೆ ಸುಮಾರು ೮೦೦ ಮೀಟರು. ಚಾಮರಾಜನಗರ ಇನ್ನೂ ತಗ್ಗು. ಬೆಟ್ಟದ ಚಳಿಯನ್ನು ಕುಂಡದಲ್ಲಿಟ್ಟು ತರಲಾದೀತೆ?

ಆದ್ದರಿಂದ ನಮ್ಮ ನೆಲದ ಗಿಡವನ್ನೇ ಹಿಡಿಯೋಣ. ಈ ಕಡೆಯ ಹಿತ್ತಿಲುಗಳಲ್ಲಿ ತೆಂಗು, ಕರಿಬೇವು, ಸೀಬೆಗಳ ಜೊತೆಗೆ ಒಂದು ನಿಂಬೆಯ ಗಿಡ ಇದ್ದೇ ಇರುತ್ತದೆ. ಚಿತ್ರಾನ್ನಕ್ಕೆ ಅದು ಬೇಕು, ರಾಮನವಮಿಯ ಪಾನಕಕ್ಕೆ ಬೇಕು, ಉಪ್ಪಿನಕಾಯಿಗೆ ಬೇಕು, ಬೇಸಗೆಯಲ್ಲಿ ಬಂದ ನೆಂಟರಿಗೆ ಬೇಕು. ಅಂಗಡಿಯಲ್ಲಿ ನಿಂಬೆಯ ಬೆಲೆ ಏರಿದಾಗಲೇ ಹಿತ್ತಿಲ ಗಿಡದ ಬೆಲೆ ನಮಗೆ ತಿಳಿಯುವುದು.

ನಮ್ಮ ಮನೆಯ ನಿಂಬೆಯನ್ನು ನಮ್ಮ ತಾಯಿ ಬೀಜದಿಂದ ಎಬ್ಬಿಸಿದ್ದರು. ಅವರ ಕಾಲದಲ್ಲಿ ಅದಕ್ಕೆ ವಿಶೇಷ ಉಪಚಾರವೇನೂ ಇರಲಿಲ್ಲ. ಆಗೊಮ್ಮೆ ಈಗೊಮ್ಮೆ ಎರಡು ಬಿಂದಿಗೆ ನೀರು, ವರ್ಷಕ್ಕೊಮ್ಮೆ ಒಂದು ಮಂಕರಿ ಗೊಬ್ಬರ. ಅವರು ಹೋದ ಮೇಲೆ ಗಿಡದ ಆರೈಕೆ ನನ್ನ ಪಾಲಿಗೆ ಬಂತು. ತಾಯಿಯ ಗಿಡವೆಂಬ ಅಕ್ಕರೆಯಿಂದ ನಾನು ಬುಡದ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿದೆ. ಕಟ್ಟೆಯೊಳಗೆ ಕಾಂಡಕ್ಕೆ ತಾಗುವಂತೆ ಸಗಣಿ ಗೊಬ್ಬರವನ್ನು ರಾಶಿ ಹಾಕಿದೆ. ನೀರು ದಂಡವಾಗಬಾರದೆಂದು ಬಚ್ಚಲ ನೀರಿನ ಕಾಲುವೆಯನ್ನೂ ಅದಕ್ಕೇ ತಿರುಗಿಸಿದೆ. ಎರಡು ವರ್ಷದಲ್ಲಿ ಎಲೆಯ ನರಗಳು ಹಳದಿಗೆ ತಿರುಗಿದವು. ‘ಪಾಪ, ಸಾರ ಸಾಲದು’ ಎಂದು ಇನ್ನಷ್ಟು ಗೊಬ್ಬರ ಸುರಿದೆ. ಮರುವರ್ಷ ಗಿಡ ಹಿಂದೆಂದೂ ಇಲ್ಲದ ಹಾಗೆ ಹೂ ಬಿಟ್ಟಿತು. ಮನೆಮಂದಿಯೆಲ್ಲ ಹಿಗ್ಗಿದೆವು. ಅದು ಸಾಯುವ ಮುಂಚಿನ ಹೂವೆಂದು ನಮಗೇನು ಗೊತ್ತು? ಕೊನೆಗೆ ಗೊಬ್ಬರವನ್ನು ಸರಿಸಿ ನೋಡಿದರೆ, ಬುಡದ ತೊಗಟೆ ಸುತ್ತಲೂ ಕೊಳೆತು, ಗೋಂದು ಸೋರಿ, ಬೆರಳು ತಾಗಿದರೆ ಕಳಚಿ ಬರುವಂತಿತ್ತು. ಅತಿಯಾದರೆ ಅಮೃತವೂ ವಿಷ. ಆ ಗಿಡವನ್ನು ಕೊಂದದ್ದು ಹುಳುವಲ್ಲ, ನನ್ನ ಉಪಚಾರ.

ಈ ಬುಡಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಬೂಷ್ಟಿನಂಥ ಸೂಕ್ಷ್ಮಜೀವಿ. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗವೂ ಇದರ ಬಳಗದ್ದೇ. ಅದು ಮಣ್ಣಿನಲ್ಲಿಯೇ ಇರುತ್ತದೆ; ಕಾಂಡದ ಬಳಿ ತೇವ ನಿಂತರೆ ನೀರಿನಲ್ಲಿ ಈಜಿ ಬಂದು ತೊಗಟೆಯನ್ನು ಹಿಡಿಯುತ್ತದೆ. ಆದುದರಿಂದ ಮೊದಲನೆಯ ಮದ್ದು ಸೀಸೆಯಲ್ಲಿಲ್ಲ, ನಿಮ್ಮ ಗುದ್ದಲಿಯಲ್ಲಿದೆ. ಕಾಂಡದ ಸುತ್ತ ಮಣ್ಣನ್ನು ತುಸು ಎತ್ತರಿಸಿ, ನೀರು ಹೊರಕ್ಕೆ ಇಳಿಯುವಂತೆ ಇಳಿಜಾರು ಮಾಡಿರಿ. ಆದರೆ ಆ ಮಣ್ಣು ಬೇರು ಕವಲೊಡೆಯುವ ಜಾಗಕ್ಕಿಂತ ಮೇಲೇರಿ ತೊಗಟೆಯನ್ನು ಮುಚ್ಚಬಾರದು. ನೀರಿನ ಪಾತಿ ಇರಬೇಕಾದದ್ದು ನಡುಹಗಲಿನಲ್ಲಿ ಗಿಡದ ನೆರಳಿನ ಅಂಚು ಎಲ್ಲಿ ಬೀಳುವುದೋ ಅಲ್ಲಿ. ನೀರು ಕುಡಿಯುವ ಎಳೆಬೇರುಗಳು ಹೆಚ್ಚಾಗಿ ಆ ಕಡೆಗೇ ಹರಡಿರುತ್ತವೆ, ಕಾಂಡಕ್ಕೆ ಬಾಯಿಲ್ಲ.

ಎಷ್ಟು ನೀರು ಎಂದು ಕೇಳುವಿರಾದರೆ, ಬೆರಳೇ ಅಳತೆ. ಪಾತಿಯ ಮಣ್ಣಿನಲ್ಲಿ ಎರಡು ಗೆಣ್ಣು ಬೆರಳನ್ನು ಇಳಿಸಿರಿ. ತಣ್ಣಗಿದ್ದರೆ ಆ ದಿನ ನೀರು ಬೇಡ. ಒಣಗಿದ್ದರೆ ನಿಧಾನವಾಗಿ, ಆಳಕ್ಕಿಳಿಯುವಷ್ಟು ಕೊಡಿರಿ. ನಮ್ಮಲ್ಲಿ ಕೆಂಪು ಮಣ್ಣಿನ ಹಿತ್ತಿಲುಗಳಿವೆ, ಕಪ್ಪು ಮಣ್ಣಿನವೂ ಇವೆ. ಕೆಂಪು ಮಣ್ಣು ಬೇಗ ಒಣಗುತ್ತದೆ. ಕಪ್ಪು ಮಣ್ಣು ನೀರನ್ನು ಹಿಡಿದುಕೊಂಡು ಕೂರುತ್ತದೆ. ಎರಡಕ್ಕೂ ಒಂದೇ ಲೆಕ್ಕ ಸಲ್ಲದು. ಬಟ್ಟೆ ಒಗೆದ ಸೋಪಿನ ಪುಡಿಯ ನೀರನ್ನಂತೂ ನಿಂಬೆಗೆ ಹಾಯಿಸಬೇಡಿರಿ. ಅದರ ಉಪ್ಪೂ ಕ್ಷಾರವೂ ಮಣ್ಣಿನಲ್ಲಿ ನಿಂತುಬಿಡುತ್ತವೆ.

ಇನ್ನು ಆಹಾರ. ಬೆಳೆದ ಗಿಡವೊಂದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸುಮಾರು ೨೦ ಕಿಲೋ, ಬೇವಿನ ಹಿಂಡಿ ಒಂದು ಕಿಲೋ ವರ್ಷಕ್ಕೆ ಸಾಕು. ಇದರಲ್ಲಿ ಅರ್ಧವನ್ನು ಮೇ ತಿಂಗಳ ಮಳೆ ಬಿದ್ದಾಗ, ಉಳಿದರ್ಧವನ್ನು ಹಿಂಗಾರಿಗೆ ಮುಂಚೆ, ಪಾತಿಯಲ್ಲಿ ಹರಡಿ ಮೇಲುಮೇಲೆ ಕೆದಕಿ ಸೇರಿಸಬೇಕು. ಆಳವಾಗಿ ಅಗೆದರೆ ಎಳೆಬೇರು ಕಡಿದುಹೋಗುತ್ತದೆ. ಮೇಲೆ ನಾಲ್ಕು ಬೆರಳು ದಪ್ಪ ತರಗು ಹೊದಿಸಿರಿ. ಒಣಗಿದ ಅರಿಸಿನದ ಎಲೆ, ಬಾಳೆಯ ಎಲೆ, ಕಡಲೆಕಾಯಿಯ ಸಿಪ್ಪೆ, ಯಾವುದಾದರೂ ಸರಿ. ಕಾಂಡದಿಂದ ಒಂದು ಗೇಣು ದೂರವಿರಲಿ ಎಂಬುದೊಂದೇ ಕಟ್ಟಳೆ.

ಇಷ್ಟು ಮಾಡಿದ ಮೇಲೆ ಎಲೆಯನ್ನು ಓದಲು ಕಲಿಯಿರಿ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಗಿಡಕ್ಕೆ ಸಾರಜನಕ ಸಾಲದೆಂದು ಅರ್ಥ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಅಥವಾ ಸತುವಿನ ಕೊರತೆ. ಸುಣ್ಣ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದು ಕಾಣುತ್ತದೆ. ನಮ್ಮ ತಾಯಿಯ ಗಿಡದಂತೆ ನರವೇ ಹಳದಿಯಾದರೆ ಗೊಬ್ಬರದ ಕಡೆಗೆ ಓಡದೆ ಬುಡವನ್ನು ನೋಡಿರಿ.

ಎಳೆಯ ಎಲೆ ಮುದುರಿ, ಅದರ ಮೇಲೆ ಬೆಳ್ಳಿಯ ಗೆರೆ ಎಳೆದಂತೆ ಕಂಡರೆ ಅದು ರಂಗೋಲಿ ಹುಳುವಿನ ಕೆಲಸ. ರಂಗೋಲಿ ನೋಡಲು ಅಂದ. ಆದರೆ ಹುಳು ಕೊರೆದ ಗಾಯದಲ್ಲಿ ಕಜ್ಜಿ ರೋಗದ ಬ್ಯಾಕ್ಟೀರಿಯಾ ನುಗ್ಗುತ್ತದೆ. ಎಲೆಯ ಮೇಲೂ ಕಾಯಿಯ ಮೇಲೂ ಒರಟು ಕಂದು ಬೊಕ್ಕೆಗಳು ಏಳುವುದು ಆಗಲೇ. ಮಳೆಯ ಹನಿ ಸಿಡಿದು ಅದು ರೆಂಬೆಯಿಂದ ರೆಂಬೆಗೆ ಹರಡುತ್ತದೆ. ಆದ್ದರಿಂದ ಕಜ್ಜಿ ಹಿಡಿದ ರೆಂಬೆಯನ್ನು ಬಿಸಿಲು ಕಾಲದಲ್ಲೇ ಕತ್ತರಿಸಿ ಸುಟ್ಟುಬಿಡಿ. ಮಳೆಯಲ್ಲಿ ಕತ್ತರಿ ಆಡಿಸಬೇಡಿ. ಹುಳುವಿಗೆ ಬೇವಿನ ಬೀಜದ ಕಷಾಯ ಸಾಕು. ಅರ್ಧ ಕಿಲೋ ಬೀಜದ ತಿರುಳನ್ನು ಕುಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ, ಸಂಜೆಯ ಹೊತ್ತು ಹೊಸ ಚಿಗುರಿಗೆ ಸಿಂಪಡಿಸಿರಿ.

ಹಕ್ಕಿಯ ಹಿಕ್ಕೆಯಂಥ ಒಂದು ಮರಿಹುಳು ಎಲೆಯ ಮೇಲೆ ಕೂತಿರುವುದನ್ನು ಕಂಡಿದ್ದೀರಾ? ಅದು ನಿಂಬೆ ಚಿಟ್ಟೆಯ ಮರಿ. ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯಿಂದ ಕವಲು ಕೊಂಬನ್ನು ಹೊರಚಾಚಿ ನಾತ ಬಿಡುತ್ತದೆ. ಕರಿಬೇವಿನಲ್ಲಿಯೂ ಇದನ್ನು ಕಾಣಬಹುದು, ಏಕೆಂದರೆ ನಿಂಬೆ, ಕರಿಬೇವು ಎರಡೂ ಒಂದೇ ಕುಟುಂಬದವು. ಇದಕ್ಕೆ ಔಷಧಿ ಏಕೆ? ಮಕ್ಕಳಿಗೆ ಹೇಳಿದರೆ ಕಡ್ಡಿಯಿಂದ ಆರಿಸಿ ತೆಗೆದಾರು.

ಬುಡಕೊಳೆ ಆಗಲೇ ತಗುಲಿದ್ದರೆ ಬೋರ್ಡೋ ಮಿಶ್ರಣ ಉಂಟು. ದ್ರಾಕ್ಷಿಗಾಗಿ ಫ್ರಾನ್ಸಿನಲ್ಲಿ ೧೮೮೦ರ ದಶಕದಲ್ಲಿ ಹುಟ್ಟಿದ ಇದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದವರು, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು. ಕಾಂಡಕ್ಕೆ ಬಳಿಯಲು ೧೦೦ ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ೧೦೦ ಗ್ರಾಂ ಹೊಸ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಬೇರೆ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆ ಇರಲಿ, ಕಬ್ಬಿಣ ಕೂಡದು. ಕೊಳೆತ ತೊಗಟೆಯನ್ನು ಹೆರೆದು, ನೆಲದಿಂದ ಎರಡು ಅಡಿಯವರೆಗೆ ಅದೇ ದಿನ ಬಳಿಯಿರಿ. ತುತ್ತವೂ ವಿಷವೇ. ಮಕ್ಕಳ ಕೈಗೆ ಸಿಗದಂತಿಡಿ. ಅದರಲ್ಲಿರುವ ತಾಮ್ರ ಮಣ್ಣಿನಲ್ಲಿ ಉಳಿಯುವುದರಿಂದ ಮತ್ತೆಮತ್ತೆ ಬಳಸಬೇಡಿ.

ಅಂಗಡಿಯ ಕಡು ವಿಷಗಳನ್ನು ನಾನು ಹೇಳಲಿಲ್ಲ. ಮಕ್ಕಳು ಕೈಯಾರೆ ಕಿತ್ತು ಉಪ್ಪು ಹಚ್ಚಿ ಚೀಪುವ ಹಣ್ಣಿದು. ಅಲ್ಲದೆ ವಿಷಕ್ಕೆ ಶತ್ರು ಮಿತ್ರರೆಂಬ ಭೇದ ತಿಳಿಯದು. ೧೮೮೮ರ ಸುಮಾರಿಗೆ ಕ್ಯಾಲಿಫೋರ್ನಿಯದ ನಿಂಬೆ, ಕಿತ್ತಳೆ ತೋಟಗಳು ಬಿಳಿಯ ಶಲ್ಕಕೀಟದಿಂದ ಹಾಳಾಗುತ್ತಿದ್ದಾಗ, ಅವನ್ನು ಉಳಿಸಿದ್ದು ಆಸ್ಟ್ರೇಲಿಯದಿಂದ ತರಿಸಿದ ಒಂದು ಬಗೆಯ ಗುಲಗಂಜಿ ಹುಳು. ಮುಂದೆ ಅದೇ ಹುಳು ನಮ್ಮ ನೆರೆಯ ನೀಲಗಿರಿಗೂ ಬಂತು. ನಿಮ್ಮ ಗಿಡದ ಮೇಲೆ ಗುಲಗಂಜಿಯಂತೆ ಕೆಂಪಗೆ, ಕಪ್ಪು ಚುಕ್ಕೆಯಿರುವ ಹುಳು ಕಂಡರೆ ಅದು ಸಂಬಳವಿಲ್ಲದ ಕಾವಲುಗಾರ, ಓಡಿಸಬೇಡಿ.

ನಮ್ಮ ತಾಯಿಯ ಗಿಡ ಒಣಗುವ ಮುನ್ನ ಅದರ ಕಡೆಯ ಹಣ್ಣುಗಳ ಬೀಜವನ್ನು ಒಂದು ಕುಂಡದಲ್ಲಿ ಹಾಕಿದ್ದೆ. ನಿಂಬೆಯ ಬೀಜದಿಂದ ಹೆಚ್ಚಾಗಿ ತಾಯಿಯ ಗುಣವೇ ಬರುತ್ತದೆ. ಅದರಲ್ಲೊಂದು ಸಸಿ ಈಗ ಹಿತ್ತಿಲಲ್ಲಿ ನನ್ನೆತ್ತರಕ್ಕೆ ಬೆಳೆದು ಹಣ್ಣು ಕೊಡುತ್ತಿದೆ. ಬೆಳಗ್ಗೆ ಎದ್ದು ಅದರ ಬಳಿ ಹೋದಾಗ ನಾನು ಮೊದಲು ಬಗ್ಗಿ ಬುಡವನ್ನು ನೋಡುತ್ತೇನೆ, ಆಮೇಲೆ ಎಲೆಯನ್ನು, ಕಡೆಯಲ್ಲಿ ಹಣ್ಣನ್ನು. ನಾಳೆ ಬೆಳಗ್ಗೆ ನೀವೂ ನಿಮ್ಮ ಗಿಡದ ಬುಡವನ್ನೊಮ್ಮೆ ಬಗ್ಗಿ ನೋಡಿರಿ. ಅಲ್ಲಿ ಗೊಬ್ಬರವೋ ಮಣ್ಣೋ ತೊಗಟೆಗೆ ಅಂಟಿಕೊಂಡಿದ್ದರೆ ಕೈಯಿಂದಲೇ ಸರಿಸಿಬಿಡಿ. ಹಿತ್ತಲ ಗಿಡಕ್ಕೆ ಅದೇ ಮೊದಲ ಮದ್ದು.