ಮನ್ರೋನ ಪತ್ರ ಮತ್ತು ನಮ್ಮ ಧಾರವಾಡ



1817ರ ಜೂನ್ ತಿಂಗಳ ಪುಣೆ ಒಪ್ಪಂದದಂತೆ ಪೇಶ್ವೆ ಎರಡನೆಯ ಬಾಜೀರಾಯನು ಧಾರವಾಡವನ್ನೂ ಹುಬ್ಬಳ್ಳಿಯ ಪಕ್ಕದ ಕುಸುಗಲ್ಲನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅವುಗಳನ್ನು ವಹಿಸಿಕೊಳ್ಳಲು ನೇಮಕಗೊಂಡವನು ಥಾಮಸ್ ಮನ್ರೋ.

ಅದೇ ವರ್ಷ ಆಗಸ್ಟ್ 12ರಂದು ಆತ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನಿಗೆ ಒಂದು ಪತ್ರ ಬರೆದ. ಸಂಸ್ಥಾನಗಳಲ್ಲಿ ಕಂಪನಿಯ ಸೈನ್ಯವಿಟ್ಟು ಅದರ ಖರ್ಚನ್ನು ಅವುಗಳ ಮೇಲೆಯೇ ಹೊರಿಸುವ ಸಹಾಯಕ ಸೈನ್ಯ ಪದ್ಧತಿಯಿಂದ ರಾಜರು ದುರ್ಬಲರಾಗುತ್ತಾರೆ, ಪ್ರಜೆಗಳು ಬಡವರಾಗುತ್ತಾರೆ ಎಂದ. ಇಡೀ ದೇಶ ಕಂಪನಿಯ ಕೈಸೇರಿದರೆ ಉನ್ನತ ಹುದ್ದೆಗಳಿಂದ ಹೊರಗುಳಿದ ಭಾರತೀಯರು ಮೇಲೇರುವುದಿಲ್ಲ, ಕೆಳಗಿಳಿಯುತ್ತಾರೆ ಎಂದೂ ಎಚ್ಚರಿಸಿದ.

ಎಷ್ಟು ನ್ಯಾಯವಾದ ಮಾತು! ಆದರೆ 1818ರ ಫೆಬ್ರವರಿಯಲ್ಲಿ ಬಾದಾಮಿಯನ್ನು, ಏಪ್ರಿಲ್‌ನಲ್ಲಿ ಬೆಳಗಾವಿ ಕೋಟೆಯನ್ನು ಕಂಪನಿಗಾಗಿ ಗೆದ್ದವನೂ ಇದೇ ಮನ್ರೋ. 1820ರಲ್ಲಿ ಮದ್ರಾಸಿನ ಗವರ್ನರನೂ ಆದ.

ಗ್ಲೈಗ್ 1830ರಲ್ಲಿ ಪ್ರಕಟಿಸಿದ ಮನ್ರೋ ಚರಿತ್ರೆಯಲ್ಲಿ ಆತನ ಪತ್ರಗಳಿವೆ. ವಿದ್ಯಾರ್ಥಿಗಳೇ, ಅವನ್ನು ಓದಿರಿ. ಆದರೆ ಮೆಚ್ಚಿ ಸುಮ್ಮನಾಗಬೇಡಿರಿ. ಬರೆದವನು ಮುಂದೆ ಏನು ಮಾಡಿದ ಎಂಬುದನ್ನೂ ವಿಚಾರಿಸಿರಿ. ತಪ್ಪನ್ನು ಬಲ್ಲವನೇ ಅದನ್ನು ಮುಂದುವರಿಸಿದರೆ ಆ ತಿಳಿವಿನಿಂದ ಯಾರಿಗೆ ಪ್ರಯೋಜನ? ನಾಳೆ ಅಧಿಕಾರದ ಕುರ್ಚಿಯಲ್ಲಿ ಕೂರುವ ನಿಮಗೂ ಈ ಪ್ರಶ್ನೆ ಎದುರಾಗುತ್ತದೆ.