ರಕ್ತ ನಿಂತ ಮಾತ್ರಕ್ಕೆ ಹುಣ್ಣು ವಾಸಿಯಾಗಲಿಲ್ಲ



ನಾನು ವೈದ್ಯನಲ್ಲ, ಶಾಲಾ ಶಿಕ್ಷಕ. ಆದರೂ ಹೊಟ್ಟೆಯ ಹುಣ್ಣಿನ ಬಗ್ಗೆ ಎರಡು ಮಾತು ಹೇಳಲು ನಿಂತಿದ್ದೇನೆ. ನನ್ನ ತಾಯಿಯವರಿಗೆ ಮಂಡಿನೋವು. ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಡುತ್ತಿದ್ದವನು ನಾನೇ. ತಿಂಗಳುಗಟ್ಟಲೆ ನುಂಗಿದರು. ಒಂದು ದಿನ, ಮಲ ಡಾಂಬರಿನಂತೆ ಕಪ್ಪಾಗಿದೆ ಎಂದು ಸಂಕೋಚದಿಂದ ಹೇಳಿದರು. “ಉಷ್ಣ ಇರಬೇಕು ಅಮ್ಮಿ, ಮಜ್ಜಿಗೆ ಕುಡಿಯಿರಿ” ಎಂದೆ. ಮರುದಿನ ತಲೆಸುತ್ತಿ ಬಿದ್ದರು. ಅದು ಹೊಟ್ಟೆಯೊಳಗಿನ ರಕ್ತಸ್ರಾವ ಎಂಬುದು ಬಿ.ಎಡ್. ಓದಿದ ನನಗೆ ತಿಳಿದಿರಲಿಲ್ಲ.

ನೀವು ಈ ತಪ್ಪು ಮಾಡಬೇಡಿ. ಮಲ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥದ್ದೋ ಕಂಡರೆ, ಕೂಡಲೇ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ ಹಾಕುತ್ತಾರೆ, ಬೇಕಾದರೆ ರಕ್ತ ಕೊಡುತ್ತಾರೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ, ರಕ್ತ ಒಸರುವ ಜಾಗಕ್ಕೆ ಔಷಧಿ ಚುಚ್ಚಿ, ಶಾಖ ಕೊಟ್ಟು ಅಥವಾ ಸಣ್ಣ ಕ್ಲಿಪ್ ಹಾಕಿ ನಿಲ್ಲಿಸುತ್ತಾರೆ. ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್‌ನಂತಹ ಔಷಧಿ ಕೊಡುತ್ತಾರೆ. ಬಹುಪಾಲು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ರಕ್ತ ನಿಂತಿತು, ಇನ್ನು ಮುಗಿಯಿತು ಎಂದುಕೊಂಡೆ. ವೈದ್ಯರು ಹೇಳಿದರು: ಕಾರಣ ಉಳಿದರೆ ಹುಣ್ಣು ಮರಳಿ ಬರುತ್ತದೆ.

ಮುಖ್ಯ ಕಾರಣಗಳು ಎರಡು. ಮೊದಲನೆಯದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಹಿಂದೆಲ್ಲ ಖಾರ ಮತ್ತು ಚಿಂತೆಯೇ ಕಾರಣ ಎನ್ನುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು 1982ರಲ್ಲಿ ಈ ರೋಗಾಣುವನ್ನು ಬೆಳೆಸಿ ತೋರಿಸಿದರು. ಜನ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು.

ಇದಕ್ಕೆ ಸಾಮಾನ್ಯವಾಗಿ 14 ದಿನ ಹಲವು ಮಾತ್ರೆಗಳನ್ನು ಒಟ್ಟಿಗೆ ಕೊಡುತ್ತಾರೆ. ಬಾಯಿ ಕಹಿಯಾಗುತ್ತದೆಂದು ಅಮ್ಮಿ ಆರನೆಯ ದಿನವೇ ಬೇಡವೆಂದರು. ತರಗತಿಯ ಹಾಜರಿಯಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ 14 ದಿನ ಮುಗಿಸಿದೆವು. ಅರ್ಧಕ್ಕೆ ಬಿಟ್ಟರೆ ರೋಗಾಣು ಉಳಿದು, ಅದೇ ಔಷಧಿಗೆ ಜಗ್ಗದಂತಾಗಬಹುದು. ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ ಉಸಿರು ಅಥವಾ ಮಲ ಪರೀಕ್ಷೆ ಮಾಡಿಸಿ, ರೋಗಾಣು ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಎರಡನೆಯ ಕಾರಣ ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಇವು ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ಇಂಜೆಕ್ಷನ್ ತೆಗೆದುಕೊಂಡರೂ ಅಪಾಯ ತಪ್ಪದು. ನೋವಿಗೆ ಪ್ಯಾರಾಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ. ಆದರೆ ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಿಂದ ಜೀವಕ್ಕೇ ಅಪಾಯ. ಜೊತೆಗೆ ಹೊಟ್ಟೆ ಕಾಯುವ ಮಾತ್ರೆ ಬೇಕೇ ಎಂದು ವಿಚಾರಿಸಿ. ಬೀಡಿ, ಸಿಗರೇಟು ಬಿಡಿ. ಹುಣ್ಣು ಮಾಗುವ ಮೊದಲೇ ರಂಜಾನ್ ಬಂದರೆ ಉಪವಾಸದ ಬಗ್ಗೆ ವೈದ್ಯರ ಮಾತು ಕೇಳಿ. ರೋಗಿಗಳಿಗೆ ವಿನಾಯಿತಿ ಇದ್ದೇ ಇದೆ.

ಅಮ್ಮಿ ಈಗ ಆರೋಗ್ಯವಾಗಿದ್ದಾರೆ. ನಿಮ್ಮಲ್ಲಿ ನನ್ನದೊಂದೇ ವಿನಂತಿ. ಇಂದು ಮನೆಗೆ ಹೋದ ಮೇಲೆ ಹಿರಿಯರ ಮಾತ್ರೆ ಡಬ್ಬಿ ತೆರೆದು ನೋಡಿ. ಯಾವ ಮಾತ್ರೆ, ಯಾರು ಬರೆದದ್ದು, ಎಷ್ಟು ದಿನದಿಂದ ಎಂದು ಕೇಳಿ. ನಾನು ಅಂದು ಕೇಳಲಿಲ್ಲ.